ಹಾಟ್ ಡಾಗ್ ಮೇಲೆ ಏನೇನು ಹಾಕಬೇಕು? ಚಿಕ್ಕಂದಿನ ರುಚಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಒಂದು ಸಾಸೇಜ್, ಒಂದು ಬನ್. ಹಾಟ್ ಡಾಗ್ ಅಂದರೆ ಇಷ್ಟೇ. ಆದರೆ ಅಮೆರಿಕದಲ್ಲಿ ಬೆಳೆದ ಇಬ್ಬರನ್ನು ಎದುರುಬದುರು ಕೂರಿಸಿ "ಅದರ ಮೇಲೆ ಏನು ಹಾಕಬೇಕು?" ಅಂತ ಕೇಳಿ ನೋಡಿ. ಅರ್ಧ ಗಂಟೆಯಾದರೂ ಮಾತು ಮುಗಿಯುವುದಿಲ್ಲ. ಒಬ್ಬರಿಗೆ ಹಳದಿ ಮಸ್ಟರ್ಡ್ (ಸಾಸಿವೆಯ ಸಾಸ್) ಮತ್ತು ಹಸಿ ಈರುಳ್ಳಿ ಬೇಕೇ ಬೇಕು. ಇನ್ನೊಬ್ಬರಿಗೆ ಹುಳಿ ಬಂದ ಎಲೆಕೋಸು ಇಲ್ಲದಿದ್ದರೆ ಅದು ಹಾಟ್ ಡಾಗೇ ಅಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೇಳುತ್ತಾ ಕೂತರೆ, ಅಜ್ಜನ ಜೊತೆ ನೋಡಿದ ಬೇಸ್‌ಬಾಲ್ ಆಟ, ಶಾಲೆ ಬಿಟ್ಟ ಮೇಲೆ ಗಾಡಿಯ ಮುಂದೆ ನಿಂತ ಸಂಜೆ, ಅಮ್ಮ ಬೀನ್ಸ್ ಕಾಳಿನ ಜೊತೆ ಬೇಯಿಸಿ ಕೊಡುತ್ತಿದ್ದ ಶನಿವಾರ, ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ.

ಹಾಗಾಗಿ ನಾನು ಸಾಮಾನಿನ ಪಟ್ಟಿಯಿಂದ ಶುರು ಮಾಡುವುದಿಲ್ಲ. ಹತ್ತಾರು ಸಲ ಮಾಡಿ, ಬೇರೆಯವರಿಗೆ ಬಡಿಸಿ ಕಲಿತ ಮಾತು ಒಂದಿದೆ. ಯಾವ ರುಚಿ ಬೇಕು ಅಂತ ಮೊದಲು ಗೊತ್ತಾಗಬೇಕು. ಅಂಗಡಿಗೆ ಹೋಗುವುದು ಆಮೇಲೆ.

ಹಂತ 1: ನೆನಪನ್ನು ಕೆದಕಿ

ಯಾರಿಗಾಗಿ ಮಾಡುತ್ತಿದ್ದೀರೋ ಅವರನ್ನು ಕೂರಿಸಿಕೊಂಡು ಕೇಳಿ. ನಿಮಗೇ ಆದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಏನು ಹಾಕುತ್ತಿದ್ದರು?" ಅಂತ ಮಾತ್ರ ಕೇಳಬೇಡಿ. ಬನ್ ಮೆತ್ತಗಿತ್ತಾ, ಗರಿಗರಿಯಾಗಿತ್ತಾ? ಮಸ್ಟರ್ಡ್ ಹಳದಿಯೋ ಕಂದೋ? ಕಚ್ಚಿದಾಗ ಸಾಸೇಜಿನ ಸಿಪ್ಪೆ ಟಪ್ ಅಂತ ಒಡೆಯುತ್ತಿತ್ತಾ? ಕೈಗೆ ಏನಾದರೂ ಸೋರುತ್ತಿತ್ತಾ? ಪಕ್ಕದಲ್ಲಿ ಇನ್ನೇನು ಇರುತ್ತಿತ್ತು?

ಹೀಗೆ ಕೇಳುವುದಕ್ಕೆ ಕಾರಣವಿದೆ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ಮೂಗಿನಿಂದ ಹೊರಡುವ ಸುದ್ದಿ, ಮೆದುಳಿನಲ್ಲಿ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಗೆ ತುಂಬ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಒಂದು ಘಮ ಬಂದರೆ ಸಾಕು, ಮೂವತ್ತು ವರ್ಷದ ಹಿಂದಿನ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ.

ಶಿಕಾಗೊದಲ್ಲಿ ಬೆಳೆದ ಗೆಳತಿಯೊಬ್ಬಳಿಗೆ ಒಮ್ಮೆ ಅಲ್ಲಿಯ ಹಾಟ್ ಡಾಗ್ ಮಾಡಿಕೊಟ್ಟೆ. ಒಂದು ಸಾಮಾನೂ ಬಿಟ್ಟಿರಲಿಲ್ಲ. ಬನ್ನನ್ನು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಸುಟ್ಟು ಕೊಟ್ಟಿದ್ದೆ. ತಿಂದಳು. "ಚೆನ್ನಾಗಿದೆ ಕಣೇ. ಆದರೆ ಅದಲ್ಲ ಇದು" ಅಂದಳು. ಏನು ಕಡಿಮೆಯಾಗಿದೆ ಅಂತ ಅವಳಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಕಾಗದ ಬಿಚ್ಚಿದರೆ ಒಳಗೆಲ್ಲ ಬೆವರಿರುತ್ತಿತ್ತು. ಬನ್ ಬೆರಳಿಗೆ ಅಂಟುತ್ತಿತ್ತು." ಅಷ್ಟೇ ವಿಷಯ. ಬನ್ನನ್ನು ಹಬೆಯಲ್ಲಿ ಇಡಬೇಕಿತ್ತು. ಮುಂದಿನ ಸಲ ಹಬೆಯಲ್ಲಿಟ್ಟು, ಎಲ್ಲ ಜೋಡಿಸಿದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ ಎರಡು ನಿಮಿಷ ಬಿಟ್ಟೆ. ಕಾಗದ ಬಿಚ್ಚಿದವಳು ತಿನ್ನುವ ಮೊದಲು ಸುಮ್ಮನೆ ಅದನ್ನೇ ನೋಡುತ್ತಾ ಕೂತಳು. ಮೇಲೆ ಹಾಕಿದ್ದು ಎರಡೂ ಸಲ ಒಂದೇ.

ಹಂತ 2: ಸಾಸೇಜ್ ಆರಿಸಿ, ಹದವಾಗಿ ಬೇಯಿಸಿ

ಪ್ಯಾಕೆಟ್ ಮೇಲೆ ಫ್ರಾಂಕ್‌ಫರ್ಟರ್ ಅಂತಲೋ ವೀನರ್ ಅಂತಲೋ ಬರೆದಿರುತ್ತದೆ. ಮೊದಲನೆಯದು ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಬಂದ ಹೆಸರು, ಎರಡನೆಯದು ವಿಯೆನ್ನಾದಿಂದ. ಈ ಸಾಸೇಜುಗಳನ್ನು ಅಮೆರಿಕಕ್ಕೆ ತಂದವರು ಯುರೋಪಿನಿಂದ ವಲಸೆ ಬಂದವರು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಜರ್ಮನಿಯ ಚಾರ್ಲ್ಸ್ ಫೆಲ್ಟ್‌ಮನ್ 19ನೇ ಶತಮಾನದಲ್ಲೇ ಇದನ್ನು ಬನ್ನಿನಲ್ಲಿಟ್ಟು ಮಾರುತ್ತಿದ್ದರು. 1916ರಲ್ಲಿ ಪೋಲೆಂಡಿನಿಂದ ಬಂದ ನೇಥನ್ ಹ್ಯಾಂಡ್‌ವರ್ಕರ್ ಕೋನಿ ಐಲ್ಯಾಂಡ್‌ನಲ್ಲೇ ತಮ್ಮ ಅಂಗಡಿ ತೆರೆದು, ಒಂದಕ್ಕೆ 5 ಸೆಂಟ್‌ನಂತೆ ಮಾರಿದರು. ಆ ಅಂಗಡಿ ಈಗಲೂ ಅಲ್ಲೇ ಇದೆ.

ಸಾಸೇಜಿನಲ್ಲಿ ನೋಡಬೇಕಾದ್ದು ಎರಡು. ಮಾಂಸ ಯಾವುದು, ಸಿಪ್ಪೆ ಇದೆಯಾ ಇಲ್ಲವಾ. ಶಿಕಾಗೊ ಮತ್ತು ನ್ಯೂಯಾರ್ಕ್ ಬಗೆಗೆ ಪೂರ್ತಿ ದನದ ಮಾಂಸದ್ದು ಬಳಸುತ್ತಾರೆ. ಹಂದಿ ಮಾಂಸ ಬೆರೆತದ್ದು ಇನ್ನಷ್ಟು ಮೆತ್ತಗಿರುತ್ತದೆ. ನೈಸರ್ಗಿಕ ಸಿಪ್ಪೆ ಇರುವುದನ್ನು ಕಚ್ಚಿದರೆ ಆ ಟಪ್ ಸದ್ದು ಬರುತ್ತದೆ. ಸಿಪ್ಪೆ ಇಲ್ಲದ್ದು ಮಕ್ಕಳಿಗೆ ಸುಲಭ. ಕೋಳಿಯದು ಕಡಿಮೆ ಜಿಡ್ಡಿನದು, ಬೇಗ ಒಣಗುತ್ತದೆ, ಅದಕ್ಕೆ ಸಾಸ್ ಸ್ವಲ್ಪ ಜಾಸ್ತಿ ಬೇಕು.

ಮಾಂಸ ತಿನ್ನದವರಿಗೆ ಕ್ಯಾರೆಟ್ ಹಾಟ್ ಡಾಗ್ ಇದೆ. ನಾನಿದನ್ನು ಮನಸಾರೆ ಮೆಚ್ಚಿಕೊಂಡವಳು. ಬನ್ನಿನಷ್ಟೇ ಉದ್ದದ ಕ್ಯಾರೆಟ್ಟಿನ ಸಿಪ್ಪೆ ಹೆರೆದು, ಎರಡೂ ತುದಿ ದುಂಡಗೆ ಮಾಡಿ, ಚಾಕು ಸಲೀಸಾಗಿ ಇಳಿದರೂ ಮುರಿಯದಷ್ಟು ಬೇಯಿಸಿ. ಸೋಯಾ ಸಾಸ್, ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಹೊಗೆಯಾಡಿಸಿದ ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ) ಪುಡಿ, ಚೂರು ಸಕ್ಕರೆ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿ. ಮರುದಿನ ಕಾವಲಿಯ ಮೇಲೆ ಕಪ್ಪು ಗೆರೆ ಬೀಳುವವರೆಗೆ ಸುಡಿ. ಮೇಲೆ ಮಸ್ಟರ್ಡ್, ಈರುಳ್ಳಿ ಬಿದ್ದರೆ ಇದು ಯಾವ ಸಾಸೇಜಿಗೂ ಕಡಿಮೆಯಿಲ್ಲ.

ಈಗ ಬೇಯಿಸುವುದು. ಪ್ಯಾಕೆಟ್‌ನಲ್ಲಿ ಬರುವ ಹಾಟ್ ಡಾಗ್ ಮೊದಲೇ ಬೆಂದಿರುತ್ತದೆ, ಹಾಗಂತ ತಣ್ಣಗೇ ತಿನ್ನಬೇಡಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಣಗೂ ಬೆಳೆಯುತ್ತದೆ. ಬಸುರಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಾಟ್ ಡಾಗನ್ನು 74 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು ಅನ್ನುವುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಮನೆಯಲ್ಲಿ ಎಲ್ಲರಿಗೂ ಅದೇ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ವಿಧಾನ ಎರಡು ಮೆಟ್ಟಿಲಿನದು. ಅಗಲವಾದ ಬಾಣಲೆಯಲ್ಲಿ ಅರ್ಧ ಇಂಚು ನೀರು ಹಾಕಿ ಕಾಯಿಸಿ. ಕೊತಕೊತ ಕುದಿಸಬೇಡಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಜೋರಾಗಿ ಕುದಿಸಿದರೆ ಸಿಪ್ಪೆ ಒಡೆದು ರಸವೆಲ್ಲ ನೀರಿಗೆ ಹೋಗುತ್ತದೆ. 5-6 ನಿಮಿಷದ ಮೇಲೆ ನೀರು ಚೆಲ್ಲಿ, ಅದೇ ಬಾಣಲೆಗೆ ಒಂದು ಚಮಚ ಬೆಣ್ಣೆ ಹಾಕಿ, ಉರುಳಿಸುತ್ತಾ 2-3 ನಿಮಿಷ ಹುರಿಯಿರಿ. ಒಳಗೆ ರಸ ಉಳಿಯುತ್ತದೆ, ಹೊರಗೆ ಬಣ್ಣ ಬರುತ್ತದೆ. ಕೆಂಡದ ಮೇಲೆ ಸುಡುವವರು ಸಾಸೇಜಿನ ಸುತ್ತ ಚಾಕುವಿನಿಂದ ಸುರುಳಿಯಾಗಿ ಗೀರು ಹಾಕಿ. ಗೀರಿನ ಅಂಚು ಗರಿಗರಿಯಾಗುತ್ತದೆ, ಸಂದಿಯಲ್ಲಿ ಸಾಸ್ ನಿಲ್ಲುತ್ತದೆ.

ಮನೆಯಲ್ಲಿ 4 ವರ್ಷದೊಳಗಿನ ಮಗು ಇದ್ದರೆ ಇದೊಂದನ್ನು ದಯವಿಟ್ಟು ಮರೆಯಬೇಡಿ. ಹಾಟ್ ಡಾಗನ್ನು ದುಂಡಗೆ ಬಿಲ್ಲೆಗಳಾಗಿ ಕತ್ತರಿಸಿ ಕೊಡಬಾರದು. ಆ ಬಿಲ್ಲೆ ಮಗುವಿನ ಗಂಟಲಿಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಮೊದಲು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಸಣ್ಣ ಚೂರು ಮಾಡಿ. ಮಗು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಇರಿ.

ಹಂತ 3: ಬನ್

ಬನ್ ಬಿಸಿ ಮಾಡುವುದರಲ್ಲಿ ಎರಡೇ ದಾರಿ. ಮೆತ್ತಗೆ ಬೇಕಾದರೆ, ಕುದಿಯುವ ನೀರಿನ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಬನ್ ಇಟ್ಟು 1 ನಿಮಿಷ ಮುಚ್ಚಿ. ಜಾಸ್ತಿ ಹೊತ್ತು ಬಿಟ್ಟರೆ ಮುದ್ದೆಯಾಗುತ್ತದೆ. ಗರಿಗರಿ ಬೇಕಾದರೆ ಬೆಣ್ಣೆ ಸವರಿ ಕಾವಲಿಯ ಮೇಲೆ ಸುಡಿ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಬನ್ನನ್ನು ಪಕ್ಕದಿಂದ ಸೀಳುವುದಿಲ್ಲ, ನೆತ್ತಿಯಿಂದ ಸೀಳುತ್ತಾರೆ. ಅದರ ಎರಡೂ ಬದಿ ಚಪ್ಪಟೆ, ಸಿಪ್ಪೆ ಇರುವುದಿಲ್ಲ. ಹಾಗಾಗಿ ಬೆಣ್ಣೆಯಲ್ಲಿ ಚೆನ್ನಾಗಿ ಸುಡಬಹುದು, ನೆಟ್ಟಗೆ ನಿಲ್ಲುತ್ತದೆ, ಮೇಲೆ ಹಾಕಿದ್ದು ಬೀಳುವುದಿಲ್ಲ. ಸಿಕ್ಕರೆ ನಾನು ಯಾವಾಗಲೂ ಇದನ್ನೇ ತರುತ್ತೇನೆ.

ಅಮೆರಿಕದಲ್ಲಿ ಸಾಸೇಜ್ ಹೆಚ್ಚಾಗಿ 10ರ ಪ್ಯಾಕೆಟ್‌ನಲ್ಲಿ, ಬನ್ 8ರ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಉಳಿದ 2 ಸಾಸೇಜನ್ನು ಎತ್ತಿಡಿ. ಹಂತ 7ರಲ್ಲಿ ಅದಕ್ಕೆ ಕೆಲಸವಿದೆ.

ಹಂತ 4: ಯಾವುದರ ಮೇಲೆ ಯಾವುದು

ಇಲ್ಲಿ ಜನ ಅವಸರ ಮಾಡುತ್ತಾರೆ. ಬನ್ನಿಗೆ ಸಾಸ್ ಬಳಿದು, ಮೇಲೆ ಸಾಸೇಜ್ ಇಡುತ್ತಾರೆ. ಆಗ ಬನ್ ನೆನೆದು ಹರಿಯುತ್ತದೆ. ಸಾಸೇಜ್ ಮೊದಲು ಬನ್ನಿನಲ್ಲಿ ಕೂರಬೇಕು, ಅಲಂಕಾರವೆಲ್ಲ ಸಾಸೇಜಿಗೇ. ಮೊದಲು ಒದ್ದೆಯವು: ಮಸ್ಟರ್ಡ್, ಚಿಲಿ (ಕೊಚ್ಚಿದ ಮಾಂಸವನ್ನು ಮಸಾಲೆ ಹಾಕಿ ಬೇಯಿಸಿದ ಗಟ್ಟಿ ಸಾಸ್). ಆಮೇಲೆ ಚೂರುಗಳು: ರೆಲಿಶ್ (ಸಣ್ಣಗೆ ಕೊಚ್ಚಿದ ಸೌತೆಕಾಯಿ ಉಪ್ಪಿನಕಾಯಿ), ಈರುಳ್ಳಿ, ಎಲೆಕೋಸು. ಅದರ ಮೇಲೆ ತುರಿದ ಚೀಸ್. ಕೊನೆಗೆ ಉಪ್ಪು, ಮಸಾಲೆ ಪುಡಿ. ಅಮೆರಿಕದ ಹಾಟ್ ಡಾಗ್ ಮತ್ತು ಸಾಸೇಜ್ ಮಂಡಳಿ ಹೇಳುವ ಕ್ರಮವೂ ಇದೇ. ಮಸ್ಟರ್ಡ್ ಅಂಟಿನ ಹಾಗೆ ಈರುಳ್ಳಿಯನ್ನು ಹಿಡಿದುಕೊಳ್ಳುತ್ತದೆ, ಬಿಸಿ ಚಿಲಿ ಚೀಸನ್ನು ಕರಗಿಸುತ್ತದೆ. ಉದ್ದನೆಯ ಸೌತೆಕಾಯಿ ಪಿಕಲ್ ಮತ್ತು ಟೊಮೆಟೊ ಹೋಳು ಮಾತ್ರ ಮೇಲೆ ನಿಲ್ಲುವುದಿಲ್ಲ, ಅವನ್ನು ಬನ್ ಮತ್ತು ಸಾಸೇಜಿನ ಸಂದಿಗೆ ತೂರಿಸಿ.

ನೀವೇ ಹೊಸದಾಗಿ ಏನಾದರೂ ಜೋಡಿಸುವುದಾದರೆ ಮೂರು ಇರಲಿ: ಒಂದು ಹುಳಿ, ಒಂದು ಗರಿಗರಿ, ಒಂದು ಖಾರ ಇಲ್ಲವೇ ಸಿಹಿ. ಸಾಸೇಜಿನಲ್ಲಿ ಉಪ್ಪೂ ಜಿಡ್ಡೂ ಸಾಕಷ್ಟಿದೆ. ಅದರ ಮೇಲೆ ಮತ್ತೆ ಬರೀ ಚೀಸ್, ಬರೀ ಮೇಯನೇಸ್ ಸುರಿದರೆ ಎರಡು ತುತ್ತಿಗೇ ಬಾಯಿ ಕಟ್ಟಿಹೋಗುತ್ತದೆ.

ಹಂತ 5: ಊರೂರಿನ ಬಗೆಗಳು

ಶಿಕಾಗೊದಿಂದ ಶುರು ಮಾಡೋಣ, ಯಾಕೆಂದರೆ ಇದರಲ್ಲಿ ಎಲ್ಲವೂ ಇದೆ. ಬನ್ನಿನ ಮೇಲೆ ಗಸಗಸೆ ಇರಬೇಕು. ಹಬೆಯಲ್ಲಿ ಬಿಸಿಯಾಗಿರಬೇಕು. ಸಾಸೇಜಿನ ಮೇಲೆ ಹಳದಿ ಮಸ್ಟರ್ಡ್ ಒಂದು ಗೆರೆ. ಅದರ ಮೇಲೆ ಗಿಳಿಹಸಿರು ಬಣ್ಣದ ಸಿಹಿ ರೆಲಿಶ್, ಸಣ್ಣಗೆ ಹೆಚ್ಚಿದ ಬಿಳಿ ಈರುಳ್ಳಿ. ಒಂದು ಬದಿಗೆ ಟೊಮೆಟೊ ಹೋಳು. ಇನ್ನೊಂದು ಬದಿಗೆ ಡಿಲ್ ಪಿಕಲ್ ಸೀಳು, ಅಂದರೆ ಸಬ್ಬಸಿಗೆ ಸೊಪ್ಪು ಹಾಕಿ ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿ. ಮೇಲೆ ಸ್ಪೋರ್ಟ್ ಪೆಪ್ಪರ್ ಅನ್ನುವ, ವಿನೆಗರಿನಲ್ಲಿ ಹಾಕಿದ ಸಣ್ಣ ಹಸಿಮೆಣಸಿನಕಾಯಿ ಎರಡು. ಕೊನೆಗೆ ಒಂದು ಚಿಟಿಕೆ ಸೆಲರಿ ಉಪ್ಪು. ಈ ಸೆಲರಿ ಉಪ್ಪನ್ನು ದಯವಿಟ್ಟು ಬಿಡಬೇಡಿ. ಸೆಲರಿ ಬೀಜದ ಪುಡಿಯನ್ನು ಉಪ್ಪಿನ ಜೊತೆ ಬೆರೆಸಿದರೆ ಆಯಿತು. ಅದು ಬಿದ್ದ ಕೂಡಲೇ ಉಳಿದ ಆರೂ ರುಚಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. 1930ರ ದಶಕದ ಕಷ್ಟಕಾಲದಲ್ಲಿ ಶಿಕಾಗೊದ ಗಾಡಿಯವರು 5 ಸೆಂಟಿಗೆ ಸಾಸೇಜಿನ ಜೊತೆ ಇಷ್ಟೆಲ್ಲ ತರಕಾರಿ ಸೇರಿಸಿ ಕೊಡುತ್ತಿದ್ದರು. ಒಂದು ಊಟವೇ ಆಗುತ್ತಿತ್ತು. "ತೋಟದಲ್ಲಿ ಎಳೆದು ತಂದದ್ದು" ಅಂತ ಅಲ್ಲಿಯವರು ಇದನ್ನು ಕರೆಯುವುದು ಅದಕ್ಕೇ.

ಹಳದಿ ಮಸ್ಟರ್ಡ್ ಬಗ್ಗೆ ಒಂದು ಮಾತು. ಸಾಸಿವೆಗೆ ಅಷ್ಟು ಬಣ್ಣ ಇಲ್ಲ. ಆ ಹಳದಿ ಅರಿಶಿನದ್ದು. 1904ರಲ್ಲಿ ಸೇಂಟ್ ಲೂಯಿಸ್‌ನ ವಿಶ್ವಮೇಳದಲ್ಲಿ ಫ್ರೆಂಚ್ಸ್ ಕಂಪನಿಯ ಹಳದಿ ಮಸ್ಟರ್ಡ್ ಹಾಟ್ ಡಾಗ್ ಮೇಲೆ ಬಂತು. ಅಲ್ಲಿಂದ ಆ ಜೋಡಿ ಬಿಟ್ಟಿಲ್ಲ.

ಡೆಟ್ರಾಯ್ಟ್‌ನದು ಚಿಲಿ ಹಾಕಿದ ಬಗೆ. ಹೆಸರು ಮಾತ್ರ ಕೋನಿ, ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನ ನೆನಪಿಗೆ. ಇದನ್ನು ಬೆಳೆಸಿದವರು ಗ್ರೀಸ್‌ನಿಂದ ಬಂದವರು. ಅಲ್ಲಿಯ ಎರಡು ಹಳೆಯ ಅಂಗಡಿಗಳು, ಅಮೆರಿಕನ್ ಕೋನಿ ಐಲ್ಯಾಂಡ್ ಮತ್ತು ಲಾಫಯೆಟ್ ಕೋನಿ ಐಲ್ಯಾಂಡ್, ಒಂದರ ಪಕ್ಕ ಒಂದಿವೆ. ಮನೆಮನೆಯಲ್ಲೂ ಯಾವುದು ಮೇಲು ಅಂತ ಜಗಳ. ಇದರ ಚಿಲಿಗೆ ಬೀನ್ಸ್ ಹಾಕುವುದಿಲ್ಲ. ಮಾಡುವುದು ಹೀಗೆ.

ನುಣ್ಣಗೆ ಕೊಚ್ಚಿದ ಮಾಂಸ 500 ಗ್ರಾಂ ತೆಗೆದುಕೊಳ್ಳಿ. ಒಲೆ ಹಚ್ಚುವ ಮೊದಲೇ ಅದನ್ನು ಪಾತ್ರೆಗೆ ಹಾಕಿ, 500 ಮಿಲಿಲೀಟರ್ ತಣ್ಣೀರು ಸುರಿದು, ಕೈಯಿಂದ ಕಿವುಚಿ. ನೀರು ಕೆಂಪಗೆ ಕದಡಿ, ಮಾಂಸ ಗಂಟಿಲ್ಲದೆ ಕರಗಿದ ಹಾಗೆ ಕಾಣಬೇಕು. ಕೋನಿ ಚಿಲಿಯ ಮುಖ್ಯ ಕೆಲಸ ಇದೇ. ಬಿಸಿ ಬಾಣಲೆಗೆ ಹಾಕಿ ಹುರಿದರೆ ಉಂಡೆ ಉಂಡೆಯಾಗುತ್ತದೆ, ಆ ಉಂಡೆ ಬನ್ನಿನ ಮೇಲೆ ನಿಲ್ಲದೆ ಉರುಳುತ್ತದೆ. ಈಗ ಒಲೆ ಹಚ್ಚಿ, ಕಲಕುತ್ತಾ ಕುದಿ ಬರಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ 1, ಜಜ್ಜಿದ ಬೆಳ್ಳುಳ್ಳಿ 2 ಎಸಳು, ಟೊಮೆಟೊ ಪೇಸ್ಟ್ 2 ದೊಡ್ಡ ಚಮಚ, ಪ್ಯಾಪ್ರಿಕಾ 1 ದೊಡ್ಡ ಚಮಚ, ಜೀರಿಗೆ ಪುಡಿ 1 ಟೀ ಚಮಚ, ಹಳದಿ ಮಸ್ಟರ್ಡ್ 1 ಟೀ ಚಮಚ, ಉಪ್ಪು ಹಾಕಿ. ಅಮೆರಿಕದ ಪಾಕವಿಧಾನಗಳಲ್ಲಿ ಚಿಲಿ ಪೌಡರ್ 2 ದೊಡ್ಡ ಚಮಚ ಅಂತ ಇರುತ್ತದೆ. ಅದು ಬರೀ ಮೆಣಸಿನ ಪುಡಿಯಲ್ಲ. ಮೆಣಸಿನ ಜೊತೆ ಜೀರಿಗೆ, ಬೆಳ್ಳುಳ್ಳಿ ಪುಡಿ, ಒರೆಗಾನೊ ಬೆರೆತ ಸಪ್ಪೆ ಖಾರದ ಮಸಾಲೆ. ಬರೀ ಖಾರದ ಪುಡಿ ಬಳಸುವುದಾದರೆ ಅರ್ಧ ಟೀ ಚಮಚದಿಂದ ಶುರು ಮಾಡಿ. ಸಣ್ಣ ಉರಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ತಳ ಹಿಡಿಯದ ಹಾಗೆ ಆಗಾಗ ತಿರುವಿ. ಇಳಿಸುವಾಗ 1 ಟೀ ಚಮಚ ವಿನೆಗರ್.

ಹದ ತಿಳಿಯಲು ಒಂದು ಚಮಚ ತಟ್ಟೆಗೆ ಹಾಕಿ, ತಟ್ಟೆ ವಾಲಿಸಿ. ನೀರು ಬೇರೆಯಾಗಿ ಹರಿದರೆ ಇನ್ನೂ ಆಗಿಲ್ಲ. ಒಮ್ಮೆ ಹೊತ್ತಾಯಿತು ಅಂತ ತೆಳ್ಳಗಿರುವಾಗಲೇ ಇಳಿಸಿಬಿಟ್ಟಿದ್ದೆ. 8 ಬನ್ನುಗಳೂ ಜನರ ಕೈ ಸೇರುವ ಮೊದಲೇ ಒಡೆದುಹೋದವು, ಚಿಕ್ಕವರು ಚಮಚದಲ್ಲಿ ತಿಂದರು. ಆವತ್ತಿನಿಂದ ತಟ್ಟೆ ವಾಲಿಸದೆ ಬಡಿಸಿಲ್ಲ. ಚಿಲಿಯ ಮೇಲೆ ಹಳದಿ ಮಸ್ಟರ್ಡ್, ಹಿಡಿ ತುಂಬ ಹಸಿ ಈರುಳ್ಳಿ. ಕೋನಿಯಲ್ಲಿ ಮಸ್ಟರ್ಡ್ ಚಿಲಿಯ ಮೇಲೆಯೇ ಬರುವುದು ವಾಡಿಕೆ. ಮಾಂಸದ ಬದಲು ನೆನೆಸಿ ಹಿಂಡಿದ ಸೋಯಾ ಚೂರು ಬಳಸಿದರೂ ಇದೇ ಅಳತೆ ನಡೆಯುತ್ತದೆ, 30 ನಿಮಿಷ ಬೆಂದರೆ ಸಾಕು.

ನ್ಯೂಯಾರ್ಕಿನ ರಸ್ತೆ ಗಾಡಿಯದು ಸರಳ: ಕಂದು ಬಣ್ಣದ ಖಾರದ ಮಸ್ಟರ್ಡ್, ಬಿಸಿ ಹುಳಿ ಎಲೆಕೋಸು ಅಂದರೆ ಸೌವರ್‌ಕ್ರೌಟ್, ಇಲ್ಲವೇ ಕೆಂಪಗಿನ ಈರುಳ್ಳಿ ಸಾಸ್. ಆ ಸಾಸಿಗೆ ಉದ್ದಕ್ಕೆ ಹೆಚ್ಚಿದ 2 ಈರುಳ್ಳಿಯನ್ನು ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಕಾಲು ಕಪ್ ಕೆಚಪ್, ಅರ್ಧ ಕಪ್ ನೀರು, ಚೂರು ಖಾರದ ಪುಡಿ, ಬೆರಳ ತುದಿಯಷ್ಟು ದಾಲ್ಚಿನ್ನಿ ಪುಡಿ, ಒಂದು ಚಮಚ ವಿನೆಗರ್ ಹಾಕಿ 15 ನಿಮಿಷ ಕುದಿಸಿ. ದಾಲ್ಚಿನ್ನಿ ಕೇಳಿ ಹಿಂಜರಿಯಬೇಡಿ, ಆ ಗಾಡಿಯ ಘಮ ಬರುವುದೇ ಅಲ್ಲಿಂದ.

ದಕ್ಷಿಣದ ಕ್ಯಾರೊಲೈನಾ, ಪಶ್ಚಿಮ ವರ್ಜೀನಿಯಾ ಕಡೆ ಚಿಲಿಯ ಮೇಲೆ ಕೊಚ್ಚಿದ ಎಲೆಕೋಸಿನ ತಣ್ಣನೆಯ ಸಲಾಡ್, ಅಂದರೆ ಕೋಲ್‌ಸ್ಲಾ ಹಾಕುತ್ತಾರೆ. ಬಿಸಿಯ ಮೇಲೆ ತಣ್ಣಗೆ, ಖಾರದ ಮೇಲೆ ಸಿಹಿ. ಎಲೆಕೋಸನ್ನು ತುಂಬ ಸಣ್ಣಗೆ ಕೊಚ್ಚಬೇಕು, ಎಳೆ ಎಳೆಯಾಗಿದ್ದರೆ ಒಂದು ಕಡಿತಕ್ಕೆ ಪೂರ್ತಿ ಎದ್ದು ಬರುತ್ತದೆ. ಸೊನೋರಾ ಬಗೆ ಮೆಕ್ಸಿಕೋದ ಎರ್ಮೊಸಿಯೊದಿಂದ ಬಂದು ಅರಿಜೋನಾದ ಟೂಸಾನ್‌ನಲ್ಲಿ ಮನೆಮಾತಾಯಿತು. ಸಾಸೇಜಿಗೆ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿ ಮಾಂಸದ ತೆಳು ಪಟ್ಟಿ) ಸುತ್ತಿ ಹುರಿದು, ದಪ್ಪ ಬನ್ನಿನಲ್ಲಿಟ್ಟು, ಪಿಂಟೊ ಬೀನ್ಸ್, ಟೊಮೆಟೊ, ಈರುಳ್ಳಿ, ಮೇಯನೇಸ್, ಮಸ್ಟರ್ಡ್, ಹಲಪೇನ್ಯೊ ಮೆಣಸಿನಕಾಯಿ ಸಾಸ್ ಹಾಕುತ್ತಾರೆ. ಹಸಿವು ಜಾಸ್ತಿ ಇದ್ದ ದಿನ ಮಾಡಿ. ಸಿಯಾಟಲ್‌ನಲ್ಲಿ ಬನ್ನಿಗೆ ಕ್ರೀಮ್ ಚೀಸ್ ಬಳಿದು, ಹುರಿದ ಈರುಳ್ಳಿ ಹಾಕುತ್ತಾರೆ. ಬನ್ನಿಗೇ ಬಳಿಯಬಾರದು ಅನ್ನುವ ನಿಯಮ ಇಲ್ಲಿ ಸಡಿಲ, ಕ್ರೀಮ್ ಚೀಸ್ ಗಟ್ಟಿಯಾಗಿರುವುದರಿಂದ ಬನ್ ನೆನೆಯುವುದಿಲ್ಲ.

ಇನ್ನು ಕೆಚಪ್. ಶಿಕಾಗೊದವರ ಮುಂದೆ ಇದರ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಾರೆ. 18 ದಾಟಿದವರು ಹಾಟ್ ಡಾಗಿಗೆ ಕೆಚಪ್ ಹಾಕಬಾರದು ಅಂತ ಹಾಟ್ ಡಾಗ್ ಮತ್ತು ಸಾಸೇಜ್ ಮಂಡಳಿಯೂ ತನ್ನ ಶಿಷ್ಟಾಚಾರದ ಪಟ್ಟಿಯಲ್ಲಿ ಬರೆದಿದೆ. ಕೆಚಪ್ಪಿನ ಸಿಹಿ ಉಳಿದ ರುಚಿಗಳನ್ನು ಮುಚ್ಚಿಬಿಡುತ್ತದೆ ಅನ್ನುವುದು ಅವರ ವಾದ. ಅದು ಸರಿಯೇ. ಆದರೂ ಎಷ್ಟೋ ಜನರ ಮೊದಲ ಹಾಟ್ ಡಾಗ್ ಬರೀ ಕೆಚಪ್ಪಿನದು. ನಲವತ್ತು ದಾಟಿದವರು ಮೇಜಿನ ಮೇಲೆ ಕೆಚಪ್ ಬಾಟಲಿ ಹುಡುಕಿದರೆ ನಾನಂತೂ ಎತ್ತಿ ಕೊಡುತ್ತೇನೆ.

ಹಂತ 6: ಮನೆಯಲ್ಲೇ ಮಾಡಿಡಬೇಕಾದ ಮೂರು

ಸೌವರ್‌ಕ್ರೌಟ್‌ಗೆ ಬೇಕಾದ್ದು ಎಲೆಕೋಸು, ಉಪ್ಪು, ತಾಳ್ಮೆ. 1 ಕಿಲೋ ಎಲೆಕೋಸಿಗೆ 20 ಗ್ರಾಂ ಉಪ್ಪು, ತೂಕ ಮಾಡಿಯೇ ಹಾಕಿ. ಸಣ್ಣ ಎಳೆಯಾಗಿ ಹೆಚ್ಚಿ, ಉಪ್ಪು ಬೆರೆಸಿ, 10 ನಿಮಿಷ ಚೆನ್ನಾಗಿ ಕಿವುಚಿ. ಎಲೆಕೋಸು ತನ್ನದೇ ನೀರು ಬಿಡುತ್ತದೆ. ಶುದ್ಧವಾದ ಗಾಜಿನ ಭರಣಿಗೆ ಒತ್ತಿ ತುಂಬಿ, ಎಲ್ಲವೂ ಆ ನೀರಿನೊಳಗೆ ಮುಳುಗಿರುವ ಹಾಗೆ ಮೇಲೊಂದು ಭಾರ ಇಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. 18ರಿಂದ 22 ಡಿಗ್ರಿ ತಂಪಿನಲ್ಲಿ 3-4 ವಾರ ಬಿಟ್ಟರೆ ಒಳ್ಳೆಯ ಹುಳಿ ಬರುತ್ತದೆ. ಸೆಖೆ ಇದ್ದರೆ ಬೇಗ ಹುಳಿಯಾಗುತ್ತದೆ, ಒಂದು ವಾರದಿಂದಲೇ ರುಚಿ ನೋಡುತ್ತಿರಿ. ಬಿಳಿ ನೊರೆ ಬಂದರೆ ಹೆದರಬೇಡಿ. ಬಣ್ಣದ ಬೂಷ್ಟು ಬಂದರೆ ಮಾತ್ರ ಪೂರ್ತಿ ಎಸೆಯಿರಿ.

ಎರಡನೆಯದು ನಿಧಾನವಾಗಿ ಹುರಿದ ಸಿಹಿ ಈರುಳ್ಳಿ. 10 ನಿಮಿಷದಲ್ಲಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಣ್ಣ ಉರಿಯಲ್ಲಿ 40-45 ನಿಮಿಷ ಬೇಕೇ ಬೇಕು. ಸೀಯುವ ಹಾಗೆ ಕಂಡರೆ ಒಂದು ಚಮಚ ನೀರು ಚಿಮುಕಿಸಿ.

ಮೂರನೆಯದು ಅವಸರದ ಉಪ್ಪಿನಕಾಯಿ. ಅರ್ಧ ಕಪ್ ವಿನೆಗರ್, ಅರ್ಧ ಕಪ್ ನೀರು, 1 ದೊಡ್ಡ ಚಮಚ ಸಕ್ಕರೆ, 1 ಟೀ ಚಮಚ ಉಪ್ಪು ಬಿಸಿ ಮಾಡಿ, ತೆಳ್ಳಗೆ ಹೆಚ್ಚಿದ ಕೆಂಪು ಈರುಳ್ಳಿಯ ಮೇಲೆ ಸುರಿಯಿರಿ. ಅರ್ಧ ಗಂಟೆಯಲ್ಲಿ ಗುಲಾಬಿ ಬಣ್ಣ ಬರುತ್ತದೆ.

ಹಂತ 7: ಪಕ್ಕದಲ್ಲಿರುತ್ತಿದ್ದ ಚಿಕ್ಕಂದಿನ ಅಡುಗೆಗಳು

ಎತ್ತಿಟ್ಟ ಆ 2 ಸಾಸೇಜ್ ಈಗ ತೆಗೆಯಿರಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹಾಟ್ ಡಾಗ್ ಸಿಗುತ್ತಿದ್ದದ್ದು ಬನ್ನಿನಲ್ಲಲ್ಲ, ಬೀನ್ಸ್ ಪಾತ್ರೆಯಲ್ಲಿ. ಬೆಂದ ಬಿಳಿ ನೇವಿ ಬೀನ್ಸ್ 2 ಕಪ್ ತೆಗೆದುಕೊಂಡು, ಹುರಿದ ಈರುಳ್ಳಿ, ಕಾಕಂಬಿ 1 ದೊಡ್ಡ ಚಮಚ, ಕಂದು ಸಕ್ಕರೆ 1 ದೊಡ್ಡ ಚಮಚ, ಕೆಚಪ್ 2 ದೊಡ್ಡ ಚಮಚ, ಮಸ್ಟರ್ಡ್ 1 ಟೀ ಚಮಚ, ಅರ್ಧ ಕಪ್ ನೀರು ಹಾಕಿ. ಹುರಿದ ಸಾಸೇಜ್ ಚೂರು ಸೇರಿಸಿ, 20-25 ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಒಣ ಬೀನ್ಸ್ ಬಳಸುವುದಾದರೆ ಮೊದಲು ಬರೀ ನೀರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿ. ಕಾಕಂಬಿ, ಕೆಚಪ್ ಮೊದಲೇ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಮ್ಯಾಕರೋನಿ ಚೀಸ್ ಕೂಡ ಅಷ್ಟೇ ಆಪ್ತ. ಕ್ರಾಫ್ಟ್ ಕಂಪನಿ ಡಬ್ಬಿಯ ಮ್ಯಾಕರೋನಿ ಚೀಸ್ ತಂದದ್ದು 1937ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ. 19 ಸೆಂಟಿಗೆ ನಾಲ್ವರ ಊಟ. ಮನೆಯಲ್ಲಿ ಮಾಡುವುದಾದರೆ 250 ಗ್ರಾಂ ಮ್ಯಾಕರೋನಿಯನ್ನು ಪ್ಯಾಕೆಟ್ ಹೇಳುವುದಕ್ಕಿಂತ 2 ನಿಮಿಷ ಮೊದಲೇ ಬಸಿಯಿರಿ. 30 ಗ್ರಾಂ ಬೆಣ್ಣೆಯಲ್ಲಿ 30 ಗ್ರಾಂ ಮೈದಾ ಹಾಕಿ, ಹಸಿ ವಾಸನೆ ಹೋಗುವವರೆಗೆ ಹುರಿದು, 500 ಮಿಲಿಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಂಟಿಲ್ಲದ ಹಾಗೆ ಕಲಕಿ. ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾದ ಮೇಲೆ ಒಲೆ ಆರಿಸಿ. ಆಮೇಲೆಯೇ 200 ಗ್ರಾಂ ಚೆಡ್ಡಾರ್ ಚೀಸ್ ಹಾಕಬೇಕು. ಕುದಿಯುವಾಗ ಹಾಕಿದರೆ ಚೀಸ್ ಒಡೆದು ಎಣ್ಣೆ ಬಿಡುತ್ತದೆ. ಅಂಗಡಿಯಲ್ಲಿ ತುರಿದೇ ಬರುವ ಚೀಸಿಗೆ ಅಂಟದಿರಲಿ ಅಂತ ಹಿಟ್ಟು ಸವರಿರುತ್ತಾರೆ, ಅದು ಅಷ್ಟು ನುಣ್ಣಗೆ ಕರಗುವುದಿಲ್ಲ. ಗಡ್ಡೆ ತಂದು ನೀವೇ ತುರಿಯಿರಿ. ಅರ್ಧ ಟೀ ಚಮಚ ಮಸ್ಟರ್ಡ್ ಬಿದ್ದರೆ ಚೀಸಿನ ರುಚಿ ಎದ್ದು ಬರುತ್ತದೆ.

ಮಳೆ ಬರುವ ದಿನಕ್ಕೆ ಗ್ರಿಲ್ಡ್ ಚೀಸ್ ಮತ್ತು ಟೊಮೆಟೊ ಸೂಪ್. 1897ರಲ್ಲಿ ಕ್ಯಾಂಬೆಲ್ಸ್ ಕಂಪನಿಯ ಜಾನ್ ಡೊರನ್ಸ್ ಎಂಬ ರಸಾಯನಶಾಸ್ತ್ರಜ್ಞ ಗಟ್ಟಿ ಮಾಡಿದ ಸೂಪ್ ಡಬ್ಬಿ ರೂಪಿಸಿದ ಮೇಲೆ ಟೊಮೆಟೊ ಸೂಪ್ ಮನೆಮನೆಗೆ ಬಂತು. ಬ್ರೆಡ್ಡಿನ ಹೊರಮೈಗೆ ಬೆಣ್ಣೆ ಸವರಿ, ಒಳಗೆ ಚೀಸ್ ಇಟ್ಟು, ತೀರ ಸಣ್ಣ ಉರಿಯಲ್ಲಿ ಒಂದೊಂದು ಬದಿ 4 ನಿಮಿಷ. ಕೊನೆಯ 1 ನಿಮಿಷ ಮುಚ್ಚಳ ಮುಚ್ಚಿ. ಉರಿ ಜಾಸ್ತಿ ಮಾಡಿದರೆ ಬ್ರೆಡ್ ಸೀದಿರುತ್ತದೆ, ಚೀಸ್ ಮಾತ್ರ ಹಾಗೇ ಇರುತ್ತದೆ. ಮೂಲೆಯಿಂದ ಮೂಲೆಗೆ ಕತ್ತರಿಸಿ, ಚೂಪು ತುದಿಯನ್ನು ಸೂಪಿನಲ್ಲಿ ಅದ್ದಬೇಕಲ್ವಾ!

ಹಂತ 8: ಬಡಿಸುವುದು, ಎತ್ತಿಡುವುದು

8 ಜನರಿಗೆ ಮಾಡುವುದಾದರೆ ಚಿಲಿ ಮತ್ತು ಸಿಹಿ ಈರುಳ್ಳಿಯನ್ನು ಹಿಂದಿನ ದಿನವೇ ಮಾಡಿಡಿ. ಮರುದಿನಕ್ಕೆ ಚಿಲಿ ಇನ್ನೂ ರುಚಿಯಾಗುತ್ತದೆ. ಬೆಳಿಗ್ಗೆ ಕೋಲ್‌ಸ್ಲಾ, ಈರುಳ್ಳಿ ಉಪ್ಪಿನಕಾಯಿ. ಜನ ಬಂದ ಮೇಲೆಯೇ ಸಾಸೇಜ್, ಎಲ್ಲಕ್ಕಿಂತ ಕೊನೆಗೆ ಬನ್. ಮೇಜಿನ ಮೇಲೆ ಬಟ್ಟಲುಗಳನ್ನು ಹಾಕುವ ಕ್ರಮದಲ್ಲೇ ಜೋಡಿಸಿ: ಒದ್ದೆಯವು ಮೊದಲು, ಸೆಲರಿ ಉಪ್ಪು ಕೊನೆಗೆ. ಹೇಳಿಕೊಡದೆಯೇ ಜನ ಸರಿಯಾಗಿ ಹಾಕಿಕೊಳ್ಳುತ್ತಾರೆ. ಚಮಚ, ಫೋರ್ಕ್ ಬೇಕಿಲ್ಲ. 1939ರ ಜೂನ್ 11ರಂದು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ದಂಪತಿ ಬ್ರಿಟನ್ನಿನ ರಾಜ ಆರನೇ ಜಾರ್ಜ್ ಅವರಿಗೇ ಹಾಟ್ ಡಾಗ್ ಬಡಿಸಿದ್ದರು.

ತೆರೆದ ಸಾಸೇಜ್ ಪ್ಯಾಕೆಟ್ ಫ್ರಿಜ್ಜಿನಲ್ಲಿ 1 ವಾರ, ತೆರೆಯದ್ದು 2 ವಾರ ಇರುತ್ತದೆ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಉಳಿದ ಚಿಲಿಯನ್ನು ಒಬ್ಬೊಬ್ಬರ ಅಳತೆಗೆ ಪುಟ್ಟ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ, ಡಬ್ಬಿಯ ಮೇಲೆ ದಿನಾಂಕ ಬರೆಯಿರಿ. ಯಾವುದೋ ಸುಸ್ತಾದ ರಾತ್ರಿ ಅದನ್ನು ಬಿಸಿ ಮಾಡಿ, ಮ್ಯಾಕರೋನಿ ಚೀಸಿನ ಮೇಲೆ ಸುರಿದು, ಒಂದಿಷ್ಟು ಹಸಿ ಈರುಳ್ಳಿ ಉದುರಿಸಿಕೊಂಡು ತಿನ್ನಿ. ಈರುಳ್ಳಿ ಮಾತ್ರ ಆಗಷ್ಟೇ ಹೆಚ್ಚಿದ್ದಾಗಿರಲಿ.